ಜಿಆರ್‌ಇಗೆ ಇಂಗ್ಲಿಷ್ ಪದ ಕಲಿತ ಕಥೆ: ಅರ್ಥ ಬಾಯಿಪಾಠ ಆದರೂ ಉತ್ತರ ಬರಲಿಲ್ಲ

ಜಿಆರ್‌ಇ ಬರೆಯಲೇಬೇಕಾ ಅಂತ ಮೊದಲು ಖಚಿತ ಮಾಡಿಕೊಳ್ಳಿ, ಆಮೇಲೆ ಇದನ್ನು ಓದಿ. ಅಮೆರಿಕ ಮುಂತಾದ ಕಡೆ ಎಂಎಸ್, ಪಿಎಚ್‌ಡಿಗೆ ಸೇರಲು ಬರೆಯುವ ಪರೀಕ್ಷೆ ಇದು. 2020ರ ನಂತರ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಇದನ್ನು ಕೈಬಿಟ್ಟಿವೆ. ಕೆಲವು ಕಡೆ ಕೊಟ್ಟರೆ ನೋಡುತ್ತೇವೆ, ಕೊಡದಿದ್ದರೂ ನಡೆಯುತ್ತದೆ ಅನ್ನುತ್ತಾರೆ. ಒಂದೇ ಯೂನಿವರ್ಸಿಟಿಯಲ್ಲಿ ಒಂದು ಡಿಪಾರ್ಟ್‌ಮೆಂಟ್ ಕೇಳುತ್ತದೆ, ಪಕ್ಕದ್ದು ಕೇಳುವುದಿಲ್ಲ. ಯೂನಿವರ್ಸಿಟಿಯ ಮುಖಪುಟ ನೋಡಿ ತೀರ್ಮಾನ ಮಾಡಬೇಡಿ, ಡಿಪಾರ್ಟ್‌ಮೆಂಟಿನ ಪುಟಕ್ಕೇ ಹೋಗಿ ನೋಡಿ. ನಾನು ಅರ್ಜಿ ಹಾಕಬೇಕೆಂದಿದ್ದ ಮಣ್ಣು ವಿಜ್ಞಾನದ ಎಂಎಸ್ ಕೋರ್ಸುಗಳಲ್ಲಿ ಒಂದೆರಡು ಕಡೆ ಸ್ಕೋರು ಕೇಳಿದ್ದರು, ಹಾಗಾಗಿ ಬರೆದೆ. ಅಧಿಕೃತ ಸ್ಕೋರು ಈಗಷ್ಟೇ ಕೈಗೆ ಬಂದಿದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಧಾರವಾಡದಲ್ಲಿ ಬಿಎಸ್ಸಿ ಅಗ್ರಿ. ಇಂಗ್ಲಿಷ್ ಬರುವುದಿಲ್ಲ ಅಂತಲ್ಲ. ನಾಲ್ಕು ವರ್ಷ ಇಂಗ್ಲಿಷಿನಲ್ಲೇ ಪರೀಕ್ಷೆ ಬರೆದಿದ್ದೇನೆ, ರೆಕಾರ್ಡ್ ಬರೆದಿದ್ದೇನೆ. ಆದರೆ ಪಠ್ಯಪುಸ್ತಕದ ಇಂಗ್ಲಿಷ್ ಬೇರೆ, ಈ ಪರೀಕ್ಷೆ ಕೇಳುವ ಇಂಗ್ಲಿಷ್ ಬೇರೆ. ಅಪ್ಪನಿಗೆ ಇದನ್ನು ವಿವರಿಸುವುದಕ್ಕೆ ಆಗಲೇ ಇಲ್ಲ. "ಇಷ್ಟ್ ವರ್ಷ ಇಂಗ್ಲಿಷಿನ್ಯಾಗ ಓದೀದಿ, ಮತ್ತೇನ್ ಇಂಗ್ಲಿಷ್ ಕಲಿಯೂದವಾ?" ಅಂದರು. ಕೇಳಿದ್ದು ನ್ಯಾಯವಾಗಿಯೇ ಇತ್ತು.

ಪರೀಕ್ಷೆ ಹೇಗಿರುತ್ತದೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಹಳೆಯ ಮಾಹಿತಿ ಇನ್ನೂ ಎಲ್ಲ ಕಡೆ ಓಡಾಡುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ಪರೀಕ್ಷೆಯನ್ನು ಮೊಟಕು ಮಾಡಿದರು. ಮೊದಲು ನಾಲ್ಕು ಗಂಟೆ ಹತ್ತಿರ ಹಿಡಿಯುತ್ತಿದ್ದದ್ದು ಈಗ 1 ಗಂಟೆ 58 ನಿಮಿಷ. ಒಂದು ಪ್ರಬಂಧ, 30 ನಿಮಿಷ. ವರ್ಬಲ್, ಅಂದರೆ ಇಂಗ್ಲಿಷ್ ಭಾಷೆಯ ಪ್ರಶ್ನೆಗಳು, ಎರಡು ಭಾಗ: 12 ಪ್ರಶ್ನೆಗೆ 18 ನಿಮಿಷ, 15 ಪ್ರಶ್ನೆಗೆ 23 ನಿಮಿಷ. ಗಣಿತವೂ ಎರಡು ಭಾಗ. ಮೊದಲ ಭಾಗ ಹೇಗೆ ಮಾಡಿದ್ದೀರಿ ಅನ್ನುವುದರ ಮೇಲೆ ಎರಡನೇ ಭಾಗ ಸುಲಭವೋ ಕಷ್ಟವೋ ತೀರ್ಮಾನ ಆಗುತ್ತದೆ. ವರ್ಬಲ್‌ಗೂ ಗಣಿತಕ್ಕೂ 130ರಿಂದ 170ರ ತನಕ ಸ್ಕೋರು. ಗಣಿತದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನಮ್ಮ ಪಿಯುಸಿ ವಿಜ್ಞಾನದವರಿಗೆ ಅದು ದೊಡ್ಡ ತೊಂದರೆ ಅಲ್ಲ, ಅಭ್ಯಾಸ ಮಾಡಿದರೆ ಸಾಕು.

ತೊಂದರೆ ಇರುವುದು ವರ್ಬಲ್‌ನಲ್ಲಿ. ಪರೀಕ್ಷೆ ನಡೆಸುವ ಇಟಿಎಸ್‌ನವರದೇ ಎರಡು ಮಾದರಿ ಪರೀಕ್ಷೆಗಳು ಪುಕ್ಕಟೆ ಸಿಗುತ್ತವೆ, ಪವರ್‌ಪ್ರೆಪ್ ಅಂತ ಹೆಸರು. ಓದು ಶುರು ಮಾಡುವ ಮೊದಲೇ ಒಂದನ್ನು ಬರೆದು ನೋಡಿದೆ. ವರ್ಬಲ್‌ನಲ್ಲಿ 146 ಬಂತು. ಪ್ರಶ್ನೆಯಲ್ಲಿ ಕೊಟ್ಟಿದ್ದ ಆಯ್ಕೆಗಳಲ್ಲಿ ಅರ್ಧದಷ್ಟು ಪದಗಳನ್ನು ಜೀವನದಲ್ಲೇ ಕಂಡಿರಲಿಲ್ಲ. ಅವತ್ತು ರಾತ್ರಿ ಹಾಸ್ಟೆಲ್ ಮೆಸ್ಸಿನಲ್ಲಿ ಊಟ ಸೇರಲಿಲ್ಲ. ಎರಡನೇ ಪುಕ್ಕಟೆ ಪರೀಕ್ಷೆಯನ್ನು ಕೊನೆಯ ವಾರಗಳಿಗೆ ಅಂತ ಹಾಗೇ ಇಟ್ಟುಕೊಂಡೆ. ನೀವೂ ಇಟ್ಟುಕೊಳ್ಳಿ, ಎರಡನ್ನೂ ಶುರುವಿನಲ್ಲೇ ಖರ್ಚು ಮಾಡಬೇಡಿ.

ಕೋಚಿಂಗಿಗೆ ಸೇರಿದೆ, ವರ್ಬಲ್‌ಗೆ ಮಾತ್ರ. ಆ ಸಂಸ್ಥೆಯ ಹೆಸರು ಬೇಡ. ಮೊದಲ ದಿನವೇ ಒಂದು ದಪ್ಪ ಜೆರಾಕ್ಸ್ ಕಟ್ಟು ಕೊಟ್ಟರು. ಸಾವಿರಾರು ಪದಗಳು, ಎಬಿಸಿ ಕ್ರಮದಲ್ಲಿ, ಪ್ರತಿಯೊಂದರ ಎದುರು ಒಂದೇ ಸಾಲಿನ ಅರ್ಥ. "ದಿನಾ ಐವತ್ತು ಮಾಡಿ" ಅಂದರು. ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು, ಕೈಯಿಂದ ಅರ್ಥ ಮುಚ್ಚಿಕೊಂಡು, ಪದ ನೋಡಿ ಅರ್ಥ ಹೇಳಿ, ಮತ್ತೆ ತೆಗೆದು ನೋಡಿ. ಹೈಸ್ಕೂಲಿನಲ್ಲಿ ಸುಭಾಷಿತ ಕಲಿತ ಹಾಗೇ. ಎ ಅಕ್ಷರ ಚೆನ್ನಾಗಿ ಬಂತು, ಬಿ ಪರವಾಗಿಲ್ಲ, ಡಿಗೆ ಬರುವಷ್ಟರಲ್ಲಿ ಎ ಮರೆತುಹೋಗಿತ್ತು. ಈ ಪಟ್ಟಿ ಹಿಡಿದವರೆಲ್ಲರಿಗೂ ಎ ಅಕ್ಷರದ ಪದಗಳು ಮಾತ್ರ ಸೊಗಸಾಗಿ ಬರುತ್ತವೆ, ಬೇಕಿದ್ದರೆ ಯಾರನ್ನಾದರೂ ಕೇಳಿ ನೋಡಿ.

ಆ ಪಟ್ಟಿ ಎಲ್ಲಿಂದ ಬಂತು ಅನ್ನುವುದು ಆಮೇಲೆ ಗೊತ್ತಾಯಿತು. 2011ರ ಆಗಸ್ಟ್‌ಗಿಂತ ಮೊದಲು ಜಿಆರ್‌ಇಯಲ್ಲಿ ವಿರುದ್ಧಾರ್ಥಕ ಪದದ ಪ್ರಶ್ನೆ ಇರುತ್ತಿತ್ತು, ಪದಗಳ ಜೋಡಿ ಕೊಟ್ಟು ಸಂಬಂಧ ಕೇಳುವ ಪ್ರಶ್ನೆಯೂ ಇರುತ್ತಿತ್ತು. ಅಲ್ಲಿ ಪದ ಒಂಟಿಯಾಗಿ ಬರುತ್ತಿತ್ತು, ಅರ್ಥ ಗೊತ್ತಿದ್ದರೆ ಉತ್ತರ, ಇಲ್ಲದಿದ್ದರೆ ಇಲ್ಲ. ಆ ಎರಡೂ ಬಗೆಯನ್ನು ತೆಗೆದು ಇಷ್ಟು ವರ್ಷ ಆಯಿತು. ಈಗ ಎಲ್ಲ ಪದವೂ ವಾಕ್ಯದ ಒಳಗೇ ಬರುತ್ತದೆ. ಬಿಟ್ಟ ಜಾಗ ತುಂಬುವುದು, ಅದರಲ್ಲಿ ಕೆಲವಕ್ಕೆ ಎರಡು ಮೂರು ಜಾಗ, ಎಲ್ಲವೂ ಸರಿಯಾದರೆ ಮಾತ್ರ ಅಂಕ. ಇನ್ನೊಂದರಲ್ಲಿ ಆರು ಆಯ್ಕೆ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡು ಪದ ಆರಿಸಿ ಅನ್ನುತ್ತಾರೆ. ಉಳಿದದ್ದು ಪ್ಯಾಸೇಜು ಓದಿ ಉತ್ತರಿಸುವುದು. ಪರೀಕ್ಷೆ ಬದಲಾಗಿದೆ, ಜೆರಾಕ್ಸ್ ಮಾತ್ರ ಬದಲಾಗಿಲ್ಲ.

ಪಟ್ಟಿಯಲ್ಲಿ ಫ್ರೂಗಲ್, ಪಾರ್ಸಿಮೋನಿಯಸ್, ಮೈಸರ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಬರೆದಿತ್ತು, ದುಡ್ಡು ಖರ್ಚು ಮಾಡದವರು ಅಂತ. ಆದರೆ ಫ್ರೂಗಲ್ ಅಂದರೆ ಹೊಗಳಿಕೆ, ನಮ್ಮ ಅವ್ವನ ಹಾಗೆ ಲೆಕ್ಕ ಇಟ್ಟು ಸಂಸಾರ ತೂಗಿಸುವವರು. ಮೈಸರ್ಲಿ ಅಂದರೆ ಬೈಗುಳ. ಪಾರ್ಸಿಮೋನಿಯಸ್ ಕೂಡ ಬಹಳ ಸಲ ಬೈಗುಳದ ಕಡೆಗೇ ವಾಲುತ್ತದೆ. ಪರೀಕ್ಷೆಯ ವಾಕ್ಯದಲ್ಲಿ ಒಬ್ಬರನ್ನು ಮೆಚ್ಚಿ ಮಾತಾಡುತ್ತಿದ್ದರೆ ಈ ಮೂರರಲ್ಲಿ ಒಂದೇ ಸರಿ. ಒಂದು ಸಾಲಿನ ಅರ್ಥ ಇದನ್ನು ಹೇಳುವುದಿಲ್ಲ. ಹೊಗಳಿಕೆಯೋ ತೆಗಳಿಕೆಯೋ ಅನ್ನುವುದು ಉದಾಹರಣೆ ವಾಕ್ಯದಲ್ಲಿ ಮಾತ್ರ ಕಾಣಿಸುತ್ತದೆ.

ಇಂಗ್ಲಿಷ್-ಕನ್ನಡ ನಿಘಂಟು ಹಿಡಿದೆ. ಅದು ನನಗೆ ಕೆಲಸಕ್ಕೆ ಬರಲಿಲ್ಲ ಅಂತ ಹೇಳುವುದಕ್ಕೆ ಬೇಜಾರು. ಕಷ್ಟದ ಇಂಗ್ಲಿಷ್ ಪದದ ಎದುರು ಅದಕ್ಕಿಂತ ಕಷ್ಟದ ಸಂಸ್ಕೃತ ಪದ ಇರುತ್ತಿತ್ತು, ಅದನ್ನು ತಿಳಿಯಲು ಕನ್ನಡ-ಕನ್ನಡ ನಿಘಂಟು ತೆಗೆಯಬೇಕಿತ್ತು. ರೂಮಿನಲ್ಲಿದ್ದ ಜೂನಿಯರ್ ಹುಡುಗಿ, "ಅಕ್ಕಾ, ನೀವು ಕನ್ನಡ ಎಂಎಗೆ ಓದ್ತಿದೀರೋ ಏನು" ಅಂತ ನಕ್ಕಳು. ಕನ್ನಡದಲ್ಲಿ ಅರ್ಥ ತಿಳಿದುಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ನಿಘಂಟಿನ ಕನ್ನಡ ಬಿಟ್ಟು ಮನೆಯ ಕನ್ನಡದಲ್ಲಿ ತಿಳಿದುಕೊಳ್ಳಿ. ಅದು ಹೇಗೆ ಅಂತ ಮುಂದೆ ಬರುತ್ತದೆ.

ದಾರಿ ಸಿಕ್ಕಿದ್ದು ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ನಿಘಂಟುಗಳಿಂದ. ಇವು ಇಂಗ್ಲೆಂಡಿನವರು ತಮಗಾಗಿ ಮಾಡಿಕೊಂಡ ನಿಘಂಟುಗಳಲ್ಲ, ನಮ್ಮಂಥ ಹೊರಗಿನವರಿಗಾಗಿ ಮಾಡಿದ್ದು. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ಅರ್ಥಗಳನ್ನೂ ಸುಮಾರು 2000 ಸಾಮಾನ್ಯ ಪದಗಳಲ್ಲೇ ಬರೆಯುವ ಪಣ ತೊಟ್ಟಿತು. ಆ ಎರಡು ಸಾವಿರ ನಿಮಗೆ ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥ ಆಗುತ್ತದೆ, ಇನ್ನೊಂದು ನಿಘಂಟು ಬೇಕಿಲ್ಲ. 1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಮತ್ತು ಅವರ ತಂಡ ಮಾಡಿದ ಕಾಲಿನ್ಸ್ ಕೋಬಿಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಲ್ಲಿ ಅರ್ಥವೇ ಒಂದು ಪೂರ್ತಿ ವಾಕ್ಯ. ಯಾರನ್ನಾದರೂ ಹೀಗೆ ಕರೆದರೆ ಅವರ ಬಗ್ಗೆ ನಿಮಗೆ ಇಂಥ ಅಭಿಪ್ರಾಯ ಇದೆ ಅಂತ, ಹೀಗೆ ಸಾಗುತ್ತದೆ ಧಾಟಿ. ಮೆಚ್ಚುಗೆಯೋ ಟೀಕೆಯೋ ಅನ್ನುವುದು ಅರ್ಥದಲ್ಲೇ ಸಿಕ್ಕಿಬಿಡುತ್ತದೆ. ಉದಾಹರಣೆಗಳನ್ನೂ ಕೂತು ಹೊಸೆದದ್ದಲ್ಲ, ಜನ ನಿಜವಾಗಿ ಬರೆದ ಆಡಿದ ಇಂಗ್ಲಿಷಿನ ದೊಡ್ಡ ಸಂಗ್ರಹದಿಂದ ಆರಿಸಿದ್ದು. ಎರಡೂ ಈಗ ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಬಹುದು. ನನಗೆ ಜಾಸ್ತಿ ಇಷ್ಟ ಆದದ್ದು ಕೋಬಿಲ್ಡ್.

ಜೆರಾಕ್ಸ್ ಕಟ್ಟನ್ನು ಅಟ್ಟದ ಮೇಲೆ ಹಾಕಿ ಬೇರೆ ರೀತಿ ಶುರು ಮಾಡಿದೆ. ಮಾದರಿ ಪ್ರಶ್ನೆಗಳಲ್ಲಿ, ಓದುವ ಲೇಖನಗಳಲ್ಲಿ ಎಲ್ಲಿ ಪದ ಸಿಕ್ಕಿತೋ ಆ ಇಡೀ ವಾಕ್ಯವನ್ನೇ ಎತ್ತಿಕೊಳ್ಳುವುದು. ಆಂಕಿ ಅನ್ನುವ ಆಪ್‌ನಲ್ಲಿ ಕಾರ್ಡು ಮಾಡುವುದು. ಕಾರ್ಡಿನ ಮುಂದೆ ಪದ ಖಾಲಿ ಬಿಟ್ಟ ವಾಕ್ಯ, ಹಿಂದೆ ಪದ, ಸರಳ ಇಂಗ್ಲಿಷಿನಲ್ಲಿ ಅರ್ಥ, ಮತ್ತೆ ನಾನೇ ಬರೆದ ಒಂದು ವಾಕ್ಯ. ಆಂಡ್ರಾಯ್ಡ್ ಫೋನಿಗೂ ಕಂಪ್ಯೂಟರಿಗೂ ಆಂಕಿ ಪುಕ್ಕಟೆ, ಐಫೋನಿಗೆ ದುಡ್ಡು ಕೊಡಬೇಕು. ಮರೆಯುವ ಹೊತ್ತಿಗೆ ಸರಿಯಾಗಿ ಅದೇ ಕಾರ್ಡನ್ನು ಮತ್ತೆ ಮುಂದಿಡುವುದು ಇದರ ಕೆಲಸ. ಈ ಮರೆವಿನ ಲೆಕ್ಕ ಹೊಸದಲ್ಲ. 1885ರಲ್ಲೇ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಬಾಯಿಪಾಠ ಮಾಡಿದ್ದು ಎಷ್ಟು ಬೇಗ ಹೋಗುತ್ತದೆ ಅಂತ ಅಳೆದಿದ್ದ. ಅವನು ಅದಕ್ಕೆ ಬಳಸಿದ್ದು ಬೇಕಂತಲೇ ಅರ್ಥವಿಲ್ಲದ ಅಕ್ಷರಗಳ ಗುಂಪು. ನಮ್ಮ ಕೋಚಿಂಗ್ ಪಟ್ಟಿಯವರು ಅರ್ಥ ಇರುವ ಪದಗಳನ್ನೇ ಹಾಗೆ ಮಾಡಿ ಕೈಗಿಟ್ಟಿದ್ದರು, ಅಷ್ಟೇ ವ್ಯತ್ಯಾಸ.

ಆಂಕಿ ಬಳಸುವವರು ಒಂದು ಗಮನಿಸಿ. ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ ಅದು ದಿನಕ್ಕೆ 20 ಹೊಸ ಕಾರ್ಡು ಕೊಡುತ್ತದೆ. ಮೊದಲ ವಾರ ಖುಷಿ ಆಗುತ್ತದೆ. ಆಮೇಲೆ ಹಳೆಯವು ತಿರುಗಿ ಬರಲು ಶುರುವಾದಾಗ ಉಸಿರು ಕಟ್ಟುತ್ತದೆ. ನಾನು ಹತ್ತಕ್ಕೆ ಇಳಿಸಿದೆ. ಆದರೂ ದೀಪಾವಳಿಗೆ ಊರಿಗೆ ಹೋಗಿ, ಮನೆ ತುಂಬ ಜನ, ಫೋನ್ ಮುಟ್ಟಲಾಗದೆ, ವಾಪಸ್ ಬಂದಾಗ ಕಾರ್ಡುಗಳ ರಾಶಿ ನೋಡಿ ಆಪನ್ನೇ ತೆಗೆದುಹಾಕೋಣ ಅನ್ನಿಸಿತ್ತು. ಹಾಗಾದಾಗ ಹೊಸ ಕಾರ್ಡನ್ನು ಸೊನ್ನೆ ಮಾಡಿ, ರಾಶಿ ಕರಗುವ ತನಕ ಹಳೆಯದನ್ನೇ ಮಾಡಿ. ಮತ್ತೆ, ಬೇರೆಯವರು ಮಾಡಿಟ್ಟ ಸಾವಿರ ಪದದ ಕಾರ್ಡುಗಳು ಪುಕ್ಕಟೆ ಸಿಗುತ್ತವೆ ಅಂತ ಇಳಿಸಿಕೊಳ್ಳಬೇಡಿ. ಅದು ಅದೇ ಜೆರಾಕ್ಸ್, ಫೋನಿನಲ್ಲಿ ಇದೆ ಅಷ್ಟೇ.

ಸ್ವಂತ ವಾಕ್ಯ ಬರೆಯುವುದೇ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಶುರುವಿನಲ್ಲಿ ಏನು ಬರೆಯಬೇಕು ಅಂತಲೇ ತೋಚುತ್ತಿರಲಿಲ್ಲ. ಪುಸ್ತಕದ ವಾಕ್ಯಗಳಲ್ಲಿ ಬರುವ ಸೆನೆಟರು, ಆರ್ಕೆಸ್ಟ್ರಾ, ಕಾದಂಬರಿಯ ವಿಮರ್ಶಕ ಯಾರೂ ನನ್ನ ಕಣ್ಣ ಮುಂದೆ ಬರುವುದಿಲ್ಲ. ಊರನ್ನೇ ತಂದು ಹಾಕಿದ ಮೇಲೆ ದಾರಿ ಸಲೀಸಾಯಿತು. ಲ್ಯಾಕಾನಿಕ್ ಅಂದರೆ ಕಡಿಮೆ ಮಾತಿನವರು. ನಮ್ಮ ತಲಾಟಿ, ಅಂದರೆ ಗ್ರಾಮ ಲೆಕ್ಕಿಗರು, ಏನು ಕೇಳಿದರೂ "ನಾಳೆ ಬಾ" ಅಂತ ಎರಡೇ ಪದದಲ್ಲಿ ಮುಗಿಸುತ್ತಾರೆ, ಅವರ ಮೇಲೆ ಬರೆದೆ. ಗ್ಯಾರುಲಸ್ ಅಂದರೆ ಸುಮ್ನೆ ವಟವಟ ಮಾತಾಡುವವರು. ಯಾರ ಮೇಲೆ ಬರೆದೆ ಅಂತ ಹೇಳಿದರೆ ಮನೆಯಲ್ಲಿ ಜಗಳ ಆಗುತ್ತದೆ. ಯುಬಿಕ್ವಿಟಸ್‌ಗೆ ಪಾರ್ಥೇನಿಯಂ ಕಳೆ, ರಸ್ತೆ ಬದಿ, ಹೊಲದ ಬದು, ಶಾಲೆ ಮೈದಾನ, ಎಲ್ಲಿ ನೋಡಿದರಲ್ಲಿ. ಇನ್ಸಿಡಿಯಸ್‌ಗೆ ಕಡಲೆ ಬೆಳೆಯ ಸೊರಗು ರೋಗ. ಆ ಶಿಲೀಂಧ್ರ ಮಣ್ಣಿನಲ್ಲಿದ್ದು ಬೇರಿನಿಂದ ಒಳಗೇ ಏರುತ್ತದೆ, ಗಿಡ ಜೋಲು ಬಿದ್ದಾಗಲೇ ನಮಗೆ ಗೊತ್ತಾಗುವುದು. ಸದ್ದಿಲ್ಲದೆ ಬಂದು ಕೆಡಿಸುವುದು ಅನ್ನುವ ಅರ್ಥ ಆಮೇಲೆ ಯಾವತ್ತೂ ಮರೆಯಲಿಲ್ಲ.

ಅಗ್ರಿ ಓದಿದವರಿಗೆ ಇಲ್ಲಿ ಇನ್ನೊಂದು ಲಾಭ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ಎಷ್ಟೋ ಕಷ್ಟದ ಪದಗಳು ನಮಗೆ ಆಗಲೇ ಗೊತ್ತು, ಬೇರೆ ವೇಷದಲ್ಲಿ. ಬೀಜ ವಿಜ್ಞಾನದಲ್ಲಿ ಮಾವು, ಹಲಸಿನ ಬೀಜಗಳಿಗೆ ರಿಕ್ಯಾಲ್ಸಿಟ್ರಂಟ್ ಅನ್ನುತ್ತೇವೆ, ಒಣಗಿಸಿ ಶೇಖರಿಸಿಡಲು ಬಗ್ಗದ ಬೀಜಗಳು. ಪರೀಕ್ಷೆಯಲ್ಲಿ ಅದೇ ಪದ ಹೇಳಿದ ಮಾತು ಕೇಳದ ಹಟಮಾರಿಗೆ ಬರುತ್ತದೆ. ಕ್ಷಾರ ಮಣ್ಣಿಗೆ ಜಿಪ್ಸಮ್ ಹಾಕಿ ಸುಧಾರಿಸುವುದನ್ನು ಓದುವಾಗ ಅಮೀಲಿಯೊರೇಟ್ ಬರುತ್ತದೆ. ಪರೀಕ್ಷೆಯಲ್ಲಿ ಅದು ಬಡತನಕ್ಕೋ ಜಗಳಕ್ಕೋ ಅಂಟಿಕೊಂಡು ಬರುತ್ತದೆ, ಕೆಟ್ಟಿದ್ದನ್ನು ಸ್ವಲ್ಪ ಮೇಲು ಮಾಡುವುದು. ಫ್ಯಾಲೋ, ಬ್ಲೈಟ್, ಡಾರ್ಮಂಟ್, ವಿರುಲೆಂಟ್, ಎಲ್ಲ ಹೀಗೆಯೇ. ನರ್ಸಿಂಗ್, ಕಾಮರ್ಸ್, ಕಾನೂನು ಓದಿದವರಿಗೆ ಅವರವರ ಪದಗಳಿರುತ್ತವೆ. ನಿಮ್ಮ ವಿಷಯದ ಪುಸ್ತಕದಿಂದಲೇ ಶುರು ಮಾಡಿ, ಧೈರ್ಯ ಬರುತ್ತದೆ.

ನಿಜವಾಗಿ ಕೈಕೊಟ್ಟ ಪದಗಳು ಮಾತ್ರ ಕಷ್ಟದವಲ್ಲ, ಸುಲಭದವು. ನಾವು ದಿನಾ ಬಳಸುವ ಪದಗಳು. ಸಾಲ ಸ್ಯಾಂಕ್ಷನ್ ಆಯ್ತಾ ಅಂತ ನಮ್ಮೂರಲ್ಲಿ ಓದು ಬಾರದವರೂ ಕೇಳುತ್ತಾರೆ, ಅಂದರೆ ಮಂಜೂರು. ಅದೇ ಪದಕ್ಕೆ ಶಿಕ್ಷೆ, ನಿರ್ಬಂಧ ಅನ್ನುವ ಅರ್ಥವೂ ಇದೆ, ಪೂರ್ತಿ ಉಲ್ಟಾ. ಕ್ವಾಲಿಫೈ ಆಗುವುದು ಅಂದರೆ ಪಾಸಾಗುವುದು ಅಂದುಕೊಂಡಿದ್ದೇವೆ. ಆದರೆ ಒಂದು ಹೊಗಳಿಕೆ ಕ್ವಾಲಿಫೈಡ್ ಅಂದರೆ ಅದರಲ್ಲಿ "ಆದರೆ" ಸೇರಿದೆ ಅಂತ, ಪೂರ್ತಿ ಹೊಗಳಿಕೆ ಅಲ್ಲ. ಅರೆಸ್ಟ್ ಅಂದರೆ ತಡೆದು ನಿಲ್ಲಿಸುವುದು, ಪೊಲೀಸರೇ ಬೇಕಿಲ್ಲ, ರೋಗ ಹರಡುವುದನ್ನೂ ಅರೆಸ್ಟ್ ಮಾಡಬಹುದು. ಪೆಡೆಸ್ಟ್ರಿಯನ್ ಅಂದರೆ ಪಾದಚಾರಿ ಹೌದು, ಸ್ವಾರಸ್ಯವಿಲ್ಲದ ಸಪ್ಪೆ ಬರಹಕ್ಕೂ ಹಾಗೇ ಅನ್ನುತ್ತಾರೆ. ಇಂಥವನ್ನು ಕಂಡ ತಕ್ಷಣ ಗೊತ್ತು ಅಂತ ಮುಂದೆ ಹೋಗುತ್ತೇವೆ ಅಲ್ವಾ, ಅಲ್ಲೇ ಅಂಕ ಹೋಗುವುದು. ಹಾಗೇ ನೋಡಲು ಒಂದು ಥರ, ಅರ್ಥ ಇನ್ನೊಂದು ಥರ ಇರುವವು ಕೆಲವಿವೆ. ಎನರ್ವೇಟ್ ಅಂದರೆ ಶಕ್ತಿ ತುಂಬುವುದಲ್ಲ, ಬಸವಳಿಸುವುದು. ನಾಯ್ಸಮ್‌ಗೂ ಗದ್ದಲಕ್ಕೂ ಸಂಬಂಧ ಇಲ್ಲ, ಅದು ಹೆಚ್ಚಾಗಿ ಕೆಟ್ಟ ವಾಸನೆಗೆ. ರೆಸ್ಟಿವ್ ಅಂದರೆ ವಿಶ್ರಾಂತಿ ಅಲ್ಲವೇ ಅಲ್ಲ, ಚಡಪಡಿಕೆ. ಇವಕ್ಕೆಲ್ಲ ಕೆಂಪು ಬಣ್ಣದ ಕಾರ್ಡು ಮಾಡಿಕೊಂಡಿದ್ದೆ.

ಮನೆಯ ಕನ್ನಡ ಎಲ್ಲಿ ಉಪಯೋಗಕ್ಕೆ ಬಂತು ಅಂದರೆ, ಬಿಟ್ಟ ಜಾಗ ತುಂಬುವಾಗ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ವಾಕ್ಯ ಮಾತ್ರ ಓದಿ, ಈ ಜಾಗಕ್ಕೆ ಕನ್ನಡದಲ್ಲಿ ಯಾವ ಪದ ಬರುತ್ತದೆ ಅಂತ ಮೊದಲು ಹೇಳಿಕೊಳ್ಳುತ್ತಿದ್ದೆ. ಜಿಪುಣ, ಹಟಮಾರಿ, ಬಾಯಿಬಡುಕ, ಮೂಗು ತೂರಿಸುವವ, ಏನು ಬಂದರೆ ಅದು. ಆಮೇಲೆ ಕೈ ತೆಗೆದು ಅದಕ್ಕೆ ಹತ್ತಿರದ ಇಂಗ್ಲಿಷ್ ಪದ ಹುಡುಕುವುದು. ವಾಕ್ಯದಲ್ಲಿ "ಆದರೂ", "ಬದಲಿಗೆ" ಅನ್ನುವ ಇಂಗ್ಲಿಷ್ ಪದಗಳಿದ್ದರೆ ಅರ್ಥ ತಿರುಗುತ್ತದೆ, ಕೋಲನ್ ಚಿಹ್ನೆ ಇದ್ದರೆ ಮುಂದೆ ಅದೇ ಮಾತಿನ ವಿವರಣೆ ಇರುತ್ತದೆ. ಇದನ್ನು ಹಿಡಿದರೆ ಅರ್ಧ ಕೆಲಸ ಆದಂತೆ. ಎರಡು ಪದ ಆರಿಸುವ ಪ್ರಶ್ನೆಯಲ್ಲಿ ಒಂದು ಬಲೆ ಇರುತ್ತದೆ: ಆರರಲ್ಲಿ ಎರಡು ಪದ ಪಕ್ಕಾ ಸಮಾನಾರ್ಥಕ ಇರುತ್ತವೆ, ಆದರೆ ವಾಕ್ಯಕ್ಕೇ ಹೊಂದುವುದಿಲ್ಲ. ಜೋಡಿ ಕಂಡ ಖುಷಿಗೆ ಒತ್ತಿಬಿಟ್ಟರೆ ಹೋಯಿತು.

ನಡುವೆ ಒಂದು ಕಾಲ ಬರುತ್ತದೆ, ಏನೂ ಮುಂದಕ್ಕೆ ಹೋಗುತ್ತಿಲ್ಲ ಅನ್ನಿಸುವ ಕಾಲ. ಪದ ಗೊತ್ತು, ವಾಕ್ಯವೂ ಗೊತ್ತು, ಆದರೆ ಅಭ್ಯಾಸದ ಅಂಕ ಅಲ್ಲೇ ನಿಂತಿರುತ್ತದೆ. ನನಗೆ ಅದು ತುಂಬಾ ದಿನ ಇತ್ತು. ಜೊತೆಯವರೆಲ್ಲ ಬ್ಯಾಂಕ್ ಪರೀಕ್ಷೆ, ಕೃಷಿ ಅಧಿಕಾರಿ ಪರೀಕ್ಷೆ ಅಂತ ಓದುತ್ತಿದ್ದರು, ನಾನೊಬ್ಬಳು ಕೂತು ಕಾರ್ಡು ತಿರುವುತ್ತಿದ್ದೆ. ಅತ್ತಿದ್ದೂ ಇದೆ. ಆಗ ಕೈಹಿಡಿದದ್ದು ಓದು. ಲೈಬ್ರರಿಗೆ ಬರುವ ಇಂಗ್ಲಿಷ್ ಪೇಪರಿನ ಸಂಪಾದಕೀಯ ಪುಟ, ವಿಜ್ಞಾನದ ಉದ್ದ ಲೇಖನಗಳು. ಕಾರ್ಡಿನಲ್ಲಿ ಕಂಡ ಪದ ಯಾರದೋ ಲೇಖನದಲ್ಲಿ ತಾನಾಗಿ ಎದುರಾದಾಗ ಅದು ನಮ್ಮದಾಗುತ್ತದೆ. ಕಾರ್ಡು ಮಾತ್ರ ಮಾಡಿ ಓದದವರಿಗೆ ಪ್ಯಾಸೇಜ್ ಪ್ರಶ್ನೆಗಳಲ್ಲಿ ಏಟು ಬೀಳುತ್ತದೆ, ಅವೇ ವರ್ಬಲ್‌ನ ಅರ್ಧದಷ್ಟಿರುತ್ತವೆ.

ಈಗ ದಾಖಲೆಯ ವಿಷಯ. ಪಾಸ್‌ಪೋರ್ಟ್ ಮೊದಲು ಮಾಡಿಸಿ. ಪರೀಕ್ಷೆಗೆ ಗುರುತಿನ ಚೀಟಿ ಅದೇ, ಹೆಸರೂ ಅದರಲ್ಲಿ ಇದ್ದ ಹಾಗೇ ಇರಬೇಕು. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಬದಲು ಒಂದೇ ಅಕ್ಷರ, ಆಧಾರ್‌ನಲ್ಲಿ ಪೂರ್ತಿ ಹೆಸರು. ಪಾಸ್‌ಪೋರ್ಟ್ ಕೌಂಟರಿನಲ್ಲಿ ಇದೇ ಚರ್ಚೆ. ಪೂರ್ತಿ ಹೆಸರಿನಲ್ಲೇ ಮಾಡಿಸಿಕೊಂಡೆ, ಆಧಾರ್ ಅದಕ್ಕೆ ಸರಿಹೊಂದಿತ್ತು. ಶುಲ್ಕ 1500 ರೂಪಾಯಿ, ತತ್ಕಾಲ್ ಬೇಕಿದ್ದರೆ ಮೇಲೆ 2000. ಊರಿನ ವಿಳಾಸ ಕೊಟ್ಟಿದ್ದರಿಂದ ಪೊಲೀಸ್ ವೆರಿಫಿಕೇಷನ್‌ಗೆ ಊರಿಗೇ ಹೋಗಬೇಕಾಯಿತು, ಅವರು ಕರೆಯುವ ತನಕ ಕಾಯಬೇಕಾಯಿತು. ದಕ್ಷಿಣದ ಕಡೆಯವರಿಗೆ ಇನ್ನೊಂದು ಫಜೀತಿ: ಇನಿಷಿಯಲ್ ಮಾತ್ರ ಇದ್ದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಉಳಿಯುತ್ತದೆ. ಅಮೆರಿಕದ ವೀಸಾದಲ್ಲಿ ಒಂದೇ ಹೆಸರಿರುವವರಿಗೆ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು, ಅಂದರೆ ಹೆಸರು ಗೊತ್ತಿಲ್ಲ, ಅಂತ ಮುದ್ರಿಸುತ್ತಾರೆ, ಆಮೇಲೆ ಅಲ್ಲಿ ಹೋದಲ್ಲೆಲ್ಲ ವಿವರಣೆ ಕೊಡುತ್ತಾ ಕೂರಬೇಕು. ಖಾಲಿ ಇರುವವರು ಬುಕ್ ಮಾಡುವ ಮೊದಲೇ ಇಟಿಎಸ್‌ಗೆ ಬರೆದು ಕೇಳಿ.

ಪರೀಕ್ಷೆಯ ಫೀಸು ನಾನು ಕಟ್ಟಿದಾಗ ಇಪ್ಪತ್ತೆರಡು ಸಾವಿರದ ಆಸುಪಾಸು ಇತ್ತು. ಕಟ್ಟುವಾಗ ಡೆಬಿಟ್ ಕಾರ್ಡು ಓಡಲಿಲ್ಲ. ಹೊರದೇಶದ ವಹಿವಾಟು ಆಫ್ ಇತ್ತು. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ಬ್ಯಾಂಕಿನ ಆಪ್‌ನಲ್ಲಿ ನಾವೇ ಆನ್ ಮಾಡಬೇಕು. ದಿನಾಂಕ ಬದಲಾಯಿಸುವುದಿದ್ದರೆ ಪರೀಕ್ಷೆಗೆ ನಾಲ್ಕು ದಿನ ಮುಂಚೆಯೇ ಮಾಡಬೇಕು, ಅದಕ್ಕೂ ಬೇರೆ ಹಣ. ಮನೆಯಲ್ಲೇ ಕೂತು ಬರೆಯುವ ಅವಕಾಶವೂ ಇದೆ, ಫೀಸು ಉಳಿಯುವುದಿಲ್ಲ ಅಷ್ಟೇ. ನಮ್ಮೂರಿನ ಕರೆಂಟನ್ನು ನಂಬಿ ಅಷ್ಟು ದುಡ್ಡು ಪಣಕ್ಕಿಡುವ ಧೈರ್ಯ ನನಗಿರಲಿಲ್ಲ. ಅಲ್ಲದೆ ಮನೆಯಲ್ಲಿ ಬರೆದರೆ ಕಾಗದ ಬಳಸುವಂತಿಲ್ಲ, ಅಳಿಸುವ ಬಿಳಿ ಹಲಗೆ ಇಟ್ಟುಕೊಳ್ಳಬೇಕು, ಕೋಣೆಗೆ ಯಾರೂ ಬರಬಾರದು. ನಮ್ಮ ಮನೆಯಲ್ಲಿ ಯಾರೂ ಬಾರದ ಕೋಣೆ ಅಂದರೆ ಯಾವುದು ಹೇಳಿ. ಬೆಂಗಳೂರಿನ ಸೆಂಟರ್ ಹಿಡಿದೆ.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು, ಒಂದು ದಿನ ಮುಂಚೆಯೇ ಹೋಗಿ ಚಿಗವ್ವನ ಮನೆಯಲ್ಲಿ ಉಳಿದೆ. ರೈಲಿಳಿದು ಸೀದಾ ಪರೀಕ್ಷೆಗೆ ಹೋಗುವ ಸಾಹಸ ಬೇಡ. ಕೊನೆಯ ದಿನ ಹೊಸ ಪದ ಒಂದೂ ನೋಡಲಿಲ್ಲ, ಕೆಂಪು ಕಾರ್ಡು ಮಾತ್ರ ಒಂದು ಸಲ ತಿರುವಿದೆ. ಸೆಂಟರ್‌ನಲ್ಲಿ ವಾಚು, ಬಳೆ, ಕೊರಳಿನ ಸರ ಎಲ್ಲ ಬಿಚ್ಚಿಸಿ ಲಾಕರ್‌ಗೆ ಹಾಕಿಸಿದರು. ಜೇಬು ತಿರುವಿ ತೋರಿಸಬೇಕು, ಫೋಟೋ ತೆಗೆಯುತ್ತಾರೆ, ರಫ್ ಹಾಳೆ ಅವರೇ ಕೊಟ್ಟು ಅವರೇ ವಾಪಸ್ ಪಡೆಯುತ್ತಾರೆ. ಒಡವೆ ಮನೆಯಲ್ಲೇ ಇಟ್ಟು ಹೋಗುವುದು ಒಳ್ಳೆಯದು, ಅಲ್ಲಿ ನಿಂತು ಬಿಚ್ಚುವಾಗ ಕೈ ನಡುಗುತ್ತದೆ.

ಮೊದಲು ಪ್ರಬಂಧ. ಅಲ್ಲಿನ ಕಂಪ್ಯೂಟರಿನಲ್ಲಿ ಕಾಗುಣಿತ ತಿದ್ದುವ ಸೌಲಭ್ಯ ಇರುವುದಿಲ್ಲ. ಫೋನಿನಲ್ಲಿ ಟೈಪ್ ಮಾಡಿ ಮಾಡಿ ಅರ್ಧ ಸ್ಪೆಲಿಂಗ್ ಫೋನೇ ಮಾಡಿಕೊಡುವ ಅಭ್ಯಾಸ ಆಗಿರುತ್ತದೆ. ಹಾಗಾಗಿ ಕಲಿತ ಪದವನ್ನು ಆಗಾಗ ಪೆನ್ನಿನಲ್ಲಿ ಬರೆಯಿರಿ. ಆಮೇಲೆ ವರ್ಬಲ್, ಗಣಿತ, ನಡುವೆ ಬಿಡುವಿಲ್ಲ. ಯಾವ ಪದ ಬಂತು ಅಂತ ಕೇಳಬೇಡಿ, ಹೇಳುವುದಿಲ್ಲ ಅಂತ ಒಪ್ಪಿಯೇ ಒಳಗೆ ಹೋಗುವುದು. ಇಷ್ಟು ಹೇಳಬಹುದು: ಅದುವರೆಗೆ ನೋಡಿರದ ಪದಗಳು ಇದ್ದವು, ಇರುತ್ತವೆ. ಎಷ್ಟು ಸಾವಿರ ಕಲಿತರೂ ಇರುತ್ತವೆ. ಆದರೆ ವಾಕ್ಯ ಕೈಯಲ್ಲಿದ್ದರೆ, ಗೊತ್ತಿರುವ ನಾಲ್ಕನ್ನು ತೆಗೆದುಹಾಕಿ ಗೊತ್ತಿಲ್ಲದ ಒಂದನ್ನು ನಂಬಿ ಒತ್ತುವ ಧೈರ್ಯ ಬರುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಮುಗಿದ ಕೂಡಲೇ ಸ್ಕೋರು ಇಡಲೋ ರದ್ದು ಮಾಡಲೋ ಅಂತ ಪರದೆ ಕೇಳುತ್ತದೆ. ಇಡು ಅಂತ ಒತ್ತಿದರೆ ವರ್ಬಲ್, ಗಣಿತದ ಅಂಕ ಅಲ್ಲೇ ಕಾಣುತ್ತದೆ. ವರ್ಬಲ್ 157. ಹೊರಗೆ ಬಂದು ಲಾಕರ್‌ನಿಂದ ಫೋನ್ ತೆಗೆದು ಅಪ್ಪನಿಗೆ ಹೇಳಿದರೆ, "ನೂರಕ್ಕಿಂತ ಜಾಸ್ತಿ ಹೆಂಗ ಬಂತು?" ಅಂದರು. ಪ್ರಬಂಧದ ಅಂಕ ಸೇರಿ ಅಧಿಕೃತ ಸ್ಕೋರು ಬರಲು 8ರಿಂದ 10 ದಿನ. ಪ್ರಬಂಧಕ್ಕೆ 6ರಲ್ಲಿ 3.5 ಬಂತು, ಇನ್ನರ್ಧ ಬಂದಿದ್ದರೆ ಚೆನ್ನಾಗಿತ್ತು.

ನಾಲ್ಕು ಯೂನಿವರ್ಸಿಟಿಗಳಿಗೆ ಸ್ಕೋರು ಪುಕ್ಕಟೆ ಕಳಿಸಬಹುದು, ಆದರೆ ಹೆಸರುಗಳನ್ನು ಪರೀಕ್ಷೆಯ ದಿನ ಅಲ್ಲೇ ಆರಿಸಬೇಕು. ಪಟ್ಟಿ ಮೊದಲೇ ತಲೆಯಲ್ಲಿರಲಿ. ಆಮೇಲೆ ಕಳಿಸಿದರೆ ಒಂದೊಂದಕ್ಕೂ ಡಾಲರ್ ಲೆಕ್ಕ. ಮತ್ತೆ ಬರೆಯುವುದಿದ್ದರೆ 21 ದಿನ ಬಿಡಬೇಕು, 12 ತಿಂಗಳಲ್ಲಿ ಐದು ಸಲದ ಮಿತಿ. ಜಿಆರ್‌ಇ ಸ್ಕೋರು ಐದು ವರ್ಷ ನಡೆಯುತ್ತದೆ, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ನೋಡುವ ಟೋಫೆಲ್ ಪರೀಕ್ಷೆಯದು ಎರಡೇ ವರ್ಷ. ಅದಕ್ಕೇ ಕಾಲೇಜಿನಲ್ಲಿ ಇರುವಾಗಲೇ ಜಿಆರ್‌ಇ ಮುಗಿಸಿ, ಅರ್ಜಿ ಹಾಕುವ ವರ್ಷ ಟೋಫೆಲ್ ಬರೆಯಿರಿ. ನಾನು ಈಗ ಅದರ ದಿನಾಂಕ ಹುಡುಕುತ್ತಿದ್ದೇನೆ. ಕಾರ್ಡುಗಳನ್ನು ಯಾರಾದರೂ ಕೇಳುತ್ತೀರಿ ಅಂತ ಗೊತ್ತು. ಕೊಡುವುದಿಲ್ಲ. ನಮ್ಮ ತಲಾಟಿಯ ಕಥೆ ಕಟ್ಟಿಕೊಂಡು ನಿಮಗೇನು, ನಿಮ್ಮೂರಿನವರನ್ನೇ ಹಿಡಿದು ಬರೆಯಿರಿ.